ದಿಲ್ಲಿಯ ಬಂದೂಕು, ತಾಯವ್ವನ ಠರಾವು

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನನಗೆ ನಾಲ್ಕನೆಯ ಇಯತ್ತೆಯವರೆಗೆ ಕಲಿಸಿ ಆಮೇಲೆ ಕೈಮುಗಿದು ಮನೆಗೆ ಕಳಿಸಿದ ಗುರುಗಳಾದ ರಾಜಪ್ಪ ಮಾಸ್ತರರೇ, ಅರಭಾವಿಯ ತೋಟಗಾರಿಕೆ ಕಾಲೇಜಿನಿಂದ ಹೊರಟು, ಬಸ್ಸು ಸಿಗದೆ ಟ್ರ್ಯಾಕ್ಟರಿನಲ್ಲಿ ಕುಳಿತು ಬಂದು, ಇನ್ನೂ ಅಂಗಿಯ ಧೂಳು ಜಾಡಿಸುತ್ತಿರುವ ಮುಖ್ಯ ಅತಿಥಿಗಳೇ, ಅವಧಿ ಮುಗಿಸಿ ಇಳಿಯುತ್ತಿರುವ ನಮ್ಮ ಬಸ್ತಿಹಾಳ ಗ್ರಾಮ ಪಂಚಾಯ್ತಿಯ ಅಧ್ಯಕ್ಷರೂ ಇಂದಿನ ಸತ್ಕಾರಮೂರ್ತಿಯೂ ಆದ ತಾಯವ್ವನವರೇ, ಬಲಗಡೆ ಕುಳಿತು ಆಕಳಿಸುತ್ತಿರುವ ಗಂಡಸರೇ, ಎಡಗಡೆ ಕುಳಿತು, ನನ್ನ ಮುಖ ನೋಡಿದರೆ ದಂಡ ಬೀಳುತ್ತದೆ ಎಂಬಂತೆ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿರುವ ತಾಯಂದಿರೇ, ಮತ್ತು ಉಳಿದ ಸಮಸ್ತ ಸಭಿಕರೇ,

ಕರಪತ್ರಿಕೆಯಲ್ಲಿ ನನ್ನ ಹೆಸರು ಎಲ್ಲಿದೆ ಎಂದು ಹುಡುಕಿ ಯಾರೂ ಕಣ್ಣು ನೋಯಿಸಿಕೊಳ್ಳಬೇಡಿ. ಕಟ್ಟಕಡೆಯ ಸಾಲಿನಲ್ಲಿದೆ. 'ವಂದನಾರ್ಪಣೆ: ಶ್ರೀ ಆದಿನಾಥ ಕಾಕಾ.' ಅದರ ಕೆಳಗೆ ಪ್ರಿಂಟಿಂಗ್ ಪ್ರೆಸ್ಸಿನ ಹೆಸರು. ಅದು ನನಗಿಂತ ದಪ್ಪಕ್ಷರದಲ್ಲಿದೆ. ಇರಲಿ. ನನಗಿಂತ ಮೊದಲು ಮಾತನಾಡಿದವರೆಲ್ಲ ತಾಯವ್ವನವರನ್ನು ಬಾಯಿತುಂಬ ಹೊಗಳಿದರು. ಬೋರು ಕೊರೆಸಿದರು ಎಂದರು, ಬೀದಿಗೆ ದೀಪ ಹಾಕಿಸಿದರು ಎಂದರು, ಸಾಲೆಗೆ ಹಂಚು ಹೊದಿಸಿದರು ಎಂದರು. ಒಬ್ಬರಾದರೂ ಬಂದೂಕಿನ ವಿಷಯ ಎತ್ತಿದರೇ? ಎತ್ತಲಿಲ್ಲ. ಏಕೆ ಎತ್ತಲಿಲ್ಲ? ಮುಂದಿನ ಸಾಲಿನಲ್ಲಿ ನಾನು ಕುಳಿತಿದ್ದೆ, ಅದಕ್ಕೆ. ಇವರ ದಾಕ್ಷಿಣ್ಯಕ್ಕೆ ನಾನು ಏನು ಹೇಳಲಿ? ಒಬ್ಬ ಹೆಣ್ಣುಮಗಳು ದಿಲ್ಲಿಯ ಕಾಯ್ದೆಗೆ ಎದುರು ನಿಂತದ್ದನ್ನು ಬಿಟ್ಟು ಹಂಚಿನ ವಿಷಯ ಹೇಳಿದರೆ ಅದು ಸತ್ಕಾರ ಎನಿಸಿಕೊಳ್ಳುತ್ತದೆಯೇ? ಆದ್ದರಿಂದ ವಂದನೆ ಆಮೇಲೆ. ಮೊದಲು ಬಂದೂಕು.

ಗಾಬರಿಯಾಗಬೇಡಿ. ತಂದಿಲ್ಲ.

ಮುಖ್ಯ ಅತಿಥಿಗಳು ಹೊರಗಿನವರು, ಅವರಿಗಾಗಿ ಹೇಳುತ್ತೇನೆ. ನಮ್ಮದು ಕೇಪಿನ ಬಂದೂಕು. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಚಿಂದಿ ಬಟ್ಟೆ ತುರುಕಿ, ಗಜ ಎಂಬ ಉದ್ದನೆಯ ಕಬ್ಬಿಣದ ಸರಳಿನಿಂದ ಜಡಿದು, ಆ ಸರಳನ್ನು ಹೊರಗೆ ತೆಗೆದು, ಹಿಂದೆ ಕೇಪು ಇಟ್ಟು ಹಾರಿಸುವಂಥದ್ದು. ಬೆಳೆ ಕಾಯುವುದಕ್ಕೆಂದು ನಮ್ಮ ಅಪ್ಪ ಗೊಮ್ಮಟೇಶಪ್ಪನವರು ಲೈಸೆನ್ಸು ಮಾಡಿಸಿದರು. ಅವರ ನಂತರ ಅದು ನನ್ನ ಹೆಸರಿಗೆ ಬಂತು. ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲ ಸುತ್ತಿ ಬನ್ನಿ, ನನ್ನಂಥ ಬಂದೂಕುಗಾರ ಇನ್ನೊಬ್ಬ ಸಿಕ್ಕರೆ ಈ ಮೀಸೆಯನ್ನು ಇಲ್ಲೇ ಬೋಳಿಸಿಕೊಳ್ಳುತ್ತೇನೆ. ಏಕೆಂದರೆ ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣದವರು, ಗಜ್ಜರಿ ಕಿತ್ತರೆ ಮಣ್ಣೊಳಗಿನ ಜೀವ ಹೋಗುತ್ತದೆಂದು ಗಜ್ಜರಿಯನ್ನೇ ಬಿಟ್ಟವರು. ಅಂಥ ಮನೆಯಲ್ಲಿ ಬಂದೂಕು! ಅಪ್ಪ ಹಾಸಿಗೆ ಹಿಡಿದಾಗ ನನ್ನನ್ನು ಹತ್ತಿರ ಕರೆದು ಹೇಳಿದರು: "ಆದೂ, ಹೊಡದರ ಮುಗಿಲಿಗೆ ಹೊಡಿ. ಕೆಳಗ ಹೊಡದ್ಯಂದ್ರ ಬಸ್ತ್ಯಾಗ ಕಾಲಿಡಬ್ಯಾಡ ನೋಡ." ಆ ಮಾತನ್ನು ನಾನು ಮೀರಿಲ್ಲ. ಇಷ್ಟು ವರ್ಷ ಬಂದೂಕು ಹಿಡಿದು ಒಂದು ಇರುವೆಯನ್ನೂ ಕೊಲ್ಲದ ಗಂಡು ಈ ಕರ್ನಾಟಕದಲ್ಲಿ ಬೇರೆ ಯಾರಿದ್ದಾರೆ?

ಮೊದಮೊದಲು ಹಂದಿಗಳು ಹೆದರಿ ಓಡಿದವು. ಬರಬರುತ್ತ ಅವಕ್ಕೂ ನಮ್ಮ ಧರ್ಮ ತಿಳಿಯಿತು. ಢಂ ಎಂದೊಡನೆ ಒಮ್ಮೆ ತಲೆ ಎತ್ತುತ್ತಿದ್ದವು, ಓಹೋ ಕಾಕಾ ಬಂದರು ಎಂದು ಒಂದನ್ನೊಂದು ನೋಡಿಕೊಳ್ಳುತ್ತಿದ್ದವು, ಮತ್ತೆ ಗೋವಿನಜೋಳಕ್ಕೆ ಬಾಯಿ ಹಾಕುತ್ತಿದ್ದವು. ಹೀಗಾಗಿ ನಮ್ಮ ಬಂದೂಕು ಹೊಲ ಬಿಟ್ಟು ಮದುವೆಗೆ ಇಳಿಯಿತು.

ನಮ್ಮೂರಿನಲ್ಲಿ ಒಂದು ರೂಢಿ ಇತ್ತು. ಬೀಗರ ಗಾಡಿ ಊರಬಾಗಿಲಾದ ಅಗಸೆಗೆ ಬಂದ ಕೂಡಲೇ ಒಂದು ಈಡು ಹಾರಿಸಬೇಕು. ಆ ಸದ್ದು ಕೇಳಿ ಹಂದರದಲ್ಲಿ ಹೆಂಗಸರು ಆರತಿ ಹಚ್ಚಬೇಕು, ಎಸರಿಗೆ ಅಕ್ಕಿ ಬೀಳಬೇಕು, ಸನಾದಿಯವರು ಎದುರುಗೊಳ್ಳಲು ಹೊರಡಬೇಕು. ಈಡಿಲ್ಲದೆ ಒಳಗೆ ಬಂದ ಬೀಗರು ಕಳ್ಳರ ಹಾಗೆ ಬಂದಂತೆ. ಈ ಕೆಲಸಕ್ಕೆ ಊರು ಕರೆಯುತ್ತಿದ್ದದ್ದು ಯಾರನ್ನು? ಈ ಆದಿನಾಥನನ್ನು. ನನ್ನ ಈಡಿನ ಸದ್ದು ಎಂಥದಿತ್ತೆಂದರೆ, ಘಟಪ್ರಭಾ ಸ್ಟೇಶನ್ನಿನಲ್ಲಿ ಕಾದು ಕುಳಿತವರು ರೈಲು ಬಂತೆಂದು ಗಂಟು ಎತ್ತಿಕೊಂಡು ನಿಲ್ಲುತ್ತಿದ್ದರು. ನಗಬೇಡಿ ಮಾಸ್ತರರೇ. ಗಾಳಿ ಆ ದಿಕ್ಕಿಗಿದ್ದಾಗ ಕೇಳುತ್ತಿತ್ತು.

ಊರಿನಲ್ಲಿ ಇನ್ನೊಂದು ಬಂದೂಕಿತ್ತು, ನಮ್ಮ ಓಣಿಯ ಸತ್ಯಪ್ಪನದು. ತೊಂಬತ್ತೈದನೆಯ ಇಸವಿಯ ಬೇಸಿಗೆಯಲ್ಲಿ ಅವನ ಮಗನ ಮದುವೆ. ನನ್ನನ್ನು ಕರೆಯಬೇಕೋ ಬೇಡವೋ? ಕರೆಯಲಿಲ್ಲ. "ಕಾಕಾ, ನಮ್ಮ ಮನಿ ಮದಿವಿಗೆ ನಮ್ಮ ಬಂದೂಕನ ಹಾರ್ಲಿ ಬಿಡ್ರಿ" ಎಂದ. ಬಿಟ್ಟೆ. ಅವನಿಗೆ ಹಂದರದ ಗಡಿಬಿಡಿ, ಬಂದೂಕನ್ನು ಹೆಂಡತಿಯ ತಮ್ಮನ ಕೈಗೆ ಕೊಟ್ಟ. ಆ ಮಹಾಶಯ ಜೀವಮಾನದಲ್ಲಿ ಬಂದೂಕು ಮುಟ್ಟಿದವನಲ್ಲ. ಮದ್ದು ಸುರಿದ, ಚಿಂದಿ ತುರುಕಿದ, ಗಜದಿಂದ ಜಡಿದ, ಗಜವನ್ನು ನಳಿಗೆಯಲ್ಲೇ ಬಿಟ್ಟ. ಅಷ್ಟರಲ್ಲಿ ಬೀಗರ ಟ್ರ್ಯಾಕ್ಟರು ಕಂಡಿತು. "ಹಾರಸಲೇ, ಹಾರಸ" ಎಂದರು ಎಲ್ಲರೂ. ಹಾರಿಸಿದ. ಎದುರಿಗೆ ಸನಾದಿ ಊದುತ್ತ ಬರುತ್ತಿದ್ದವನು ಯಲ್ಲಾಲಿಂಗ, ನಮ್ಮ ತಾಯವ್ವನವರ ಬೆನ್ನಿಗೆ ಬಿದ್ದ ತಮ್ಮ. ಗಜ ಅವನ ಬಾಯಿಗೆ ತಾಗಿ ಹೋಯಿತು. ಸನಾದಿ ಎರಡು ಹೋಳಾಯಿತು, ಮುಂದಿನ ಹಲ್ಲು ಹೋದವು, ತುಟಿ ಹರಿಯಿತು. ಘಟಪ್ರಭೆಯ ದವಾಖಾನೆಯಲ್ಲಿ ಜೀವ ಉಳಿಸಿದರು, ತುಟಿ ಹೊಲಿದರು. ಬಹಳ ಚೆಂದ ಹೊಲಿದರು. ಆದರೆ ಹೊಲಿದ ತುಟಿಯಲ್ಲಿ ಸನಾದಿ ನಿಲ್ಲುವುದಿಲ್ಲ. ಈಗ ಅವನು ಹತ್ತರಗಿಯಲ್ಲಿ ಹೆದ್ದಾರಿಯ ಬಾಜೂ ಚಹಾದ ಅಂಗಡಿ ಇಟ್ಟಿದ್ದಾನೆ.

ಅದು ನನ್ನ ಬಂದೂಕಲ್ಲ. ಇದನ್ನು ನಾನು ಅಂದೂ ಹೇಳಿದ್ದೇನೆ, ಇಂದೂ ಹೇಳುತ್ತಿದ್ದೇನೆ. ಕೇಳುವವರು ಇಲ್ಲದಾಗಲೂ ಹೇಳಿದ್ದೇನೆ.

ತಾಯವ್ವನವರು ಆಗ ಹೊಸ ಅಧ್ಯಕ್ಷರು. ಹೆಂಗಸರಿಗೆ ಮೀಸಲಾದ ಕುರ್ಚಿ. ನಾವು ಗಂಡಸರು ಏನು ಅಂದುಕೊಂಡಿದ್ದೆವು? ಕುರ್ಚಿಯಲ್ಲಿ ಈಕೆ ಕೂತಿರುತ್ತಾಳೆ, ಕಾರಭಾರ ನಾವು ಮಾಡುತ್ತೇವೆ ಎಂದುಕೊಂಡಿದ್ದೆವು. ಈಗ ಯಾಕೆ ಎಲ್ಲರೂ ನೆಲ ನೋಡುತ್ತಿದ್ದೀರಿ? ತಮ್ಮನ ಬಾಯಿಯ ಪಟ್ಟಿ ಬಿಚ್ಚುವ ಮೊದಲೇ ಈಕೆ ಗ್ರಾಮಸಭೆ ಕರೆದರು. ಎದ್ದು ನಿಂತು, ಕಾಗದ ಇಲ್ಲ, ಕನ್ನಡಕ ಇಲ್ಲ, ಸೀದಾ ಹೇಳಿದರು: "ನಮ್ಮೂರ ಸೀಮ್ಯಾಗ ಬಂದೂಕ ಇರಬಾರ್ದು. ಇದ್ದವ್ರು ತಂದ ಪಂಚಾಯ್ತಿ ಕಪಾಟಿನ್ಯಾಗ ಇಡ್ರಿ. ಬೀಗರು ಬಂದ್ರ ಬಾಯಿಲೆ ಹೋ ಅನ್ರಿ, ಕೇಳಸ್ತೈತಿ." ಎಡಗಡೆಯ ಕೈಗಳೆಲ್ಲ ಎದ್ದವು. ಬಲಗಡೆಯ ಕೈಗಳು ಎಡಗಡೆಯನ್ನು ನೋಡಿ ಎದ್ದವು. ವಿರೋಧಕ್ಕೆ ನನ್ನದೊಂದು ಪೂರ್ತಿ ಕೈ, ಸತ್ಯಪ್ಪನದು ಅರ್ಧ ಕೈ. ಅವನು ಕಿವಿ ಕೆರೆದುಕೊಳ್ಳುತ್ತಿದ್ದೆ ಎಂದು ಆಮೇಲೆ ಹೇಳಿದ. ಠರಾವು ಪಾಸಾಯಿತು. ನಮ್ಮ ಅಪ್ಪನ ಬಂದೂಕು ಪಂಚಾಯ್ತಿ ಕಪಾಟಿನಲ್ಲಿ, ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ಚೀಲಗಳ ನಡುವೆ ಹೋಗಿ ಕುಳಿತಿತು.

ಬ್ಲೀಚಿಂಗ್ ಪುಡಿ, ಸಭಿಕರೇ! ಗೊಮ್ಮಟೇಶಪ್ಪನವರ ಬಂದೂಕು!

ಮರುದಿನವೇ ಗೋಕಾಕಕ್ಕೆ ಹೋದೆ. ಅಲ್ಲಿ ನಮ್ಮ ತಂಗಿಯ ಮಗ ಸನ್ಮತಿ ವಕೀಲಿ ಮಾಡುತ್ತಾನೆ. ನನ್ನ ಮಾತು ಮುಗಿಯುವ ಮೊದಲೇ ನಕ್ಕ. "ಮಾಮಾ, ಬಂದೂಕಿನ ಕಾಯ್ದೆ ದಿಲ್ಲೀದು, ಐವತ್ತೊಂಬತ್ತನೇ ಇಸವೀದು. ಪಂಚಾಯ್ತಿ ಕೈಯಾಗ ಏನೈತಿ? ಗಟಾರ, ಬೀದಿ ದೀಪ, ದನದ ಕೊಂಡವಾಡ. ಬಂದೂಕಿನ ತಂಟೆಕ ಅವರು ಬರಾಕ ಬರೂದಿಲ್ಲ" ಎಂದ.

"ದಿಲ್ಲಿಯವ್ರಿಗೆ ನಮ್ಮ ಬಸ್ತಿಹಾಳ ಗೊತ್ತೈತೇನೋ?" ಎಂದು ಕೇಳಿದೆ.

"ಗೊತ್ತಿರಬೇಕಂತಿಲ್ಲ ಮಾಮಾ. ಗೊತ್ತಿಲ್ಲದ್ದಕ್ಕನ ಅದು ಎಲ್ಲಾ ಊರಿಗೂ ಹತ್ತತೈತಿ."

ಎಂಥ ಮಾತು ನೋಡಿ! ನಾನು ನಾಲ್ಕನೆಯ ಇಯತ್ತೆ, ನನಗೆ ತಿಳಿಯುವುದು ತಡವಾಯಿತು. ಊರು ಗೊತ್ತಿದ್ದವರು ಮಾಡಿದ ಕಾಯ್ದೆ ಸಣ್ಣದು, ಊರು ಗೊತ್ತಿಲ್ಲದವರು ಮಾಡಿದ ಕಾಯ್ದೆ ದೊಡ್ಡದು. ಅರ್ಜಿ ಬರೆಸಿದೆ, ಹೆಬ್ಬೆಟ್ಟಿನಷ್ಟು ದಪ್ಪ ಸಹಿ ಮಾಡಿದೆ. ಕೆಲವು ತಿಂಗಳ ನಂತರ ಮೇಲಿನಿಂದ ಉತ್ತರ ಬಂತು. ಬಂದೂಕಿನ ವಿಷಯ ಕೇಂದ್ರದ ಕಾಯ್ದೆಗೆ ಸೇರಿದ್ದು, ಲೈಸೆನ್ಸು ಕೊಡುವುದೂ ತೆಗೆಯುವುದೂ ಅದಕ್ಕೆ ನೇಮಿಸಿದ ಅಧಿಕಾರಿಯ ಕೆಲಸ, ಗ್ರಾಮ ಪಂಚಾಯ್ತಿಯ ಠರಾವು ನಡೆಯುವುದಿಲ್ಲ, ಬಂದೂಕು ಮರಳಿಸತಕ್ಕದ್ದು. ಆಹಾ! ದಿಲ್ಲಿಯ ದಯೆಯನ್ನು ಎಷ್ಟು ಕೊಂಡಾಡಲಿ? ನಮ್ಮ ಗಟಾರ ತುಂಬಿ ಹರಿದರೆ ದಿಲ್ಲಿ ಸುಮ್ಮನಿರುತ್ತದೆ. ಹಂದಿ ಬಂದು ಹೊಲ ಮೇಯ್ದರೆ ದಿಲ್ಲಿ ಸುಮ್ಮನಿರುತ್ತದೆ. ಯಲ್ಲಾಲಿಂಗನ ಹಲ್ಲು ಉದುರಿದರೆ ದಿಲ್ಲಿಗೆ ಸುದ್ದಿಯೇ ಮುಟ್ಟುವುದಿಲ್ಲ. ಆದರೆ ಬಸ್ತಿಹಾಳದ ಒಬ್ಬ ಹೆಣ್ಣುಮಗಳು ಒಂದು ಕಪಾಟಿಗೆ ಕೀಲಿ ಹಾಕಿದಳೋ ಇಲ್ಲವೋ, ದಿಲ್ಲಿ ಧಡಕ್ಕನೆ ಎದ್ದು ಕುಳಿತಿತು!

ನನ್ನ ಸಂತೋಷ ಕೇಳಬೇಡಿ. ಹುಕ್ಕೇರಿಯ ಕಚೇರಿಯಿಂದ ಆ ಉತ್ತರ ಹಿಡಿದು ಬರುವಾಗ ಹತ್ತರಗಿಯಲ್ಲಿ ಬಸ್ಸು ಇಳಿದೆ. ಸುದ್ದಿ ಮೊದಲು ಯಾರಿಗಾದರೂ ಹೇಳಬೇಕಲ್ಲ? ಎದುರಿಗೆ ಕಂಡದ್ದು ಯಲ್ಲಾಲಿಂಗನ ಚಹಾದಂಗಡಿ. ಹೋಗಿ ಕುಳಿತು, "ಯಲ್ಲಾ, ದಿಲ್ಲಿಯವರು ನನ್ನ ಬಂದೂಕ ತಿರುಗಿ ಕೊಡಸ್ಯಾರಲೋ" ಎಂದೆ.

ಅವನು ಚಹಾ ಸೋಸುತ್ತಿದ್ದ. ಕೈ ನಿಲ್ಲಿಸಲಿಲ್ಲ. "ಛಲೋ ಆತ ಬಿಡ್ರಿ ಕಾಕಾ. ನನ್ನ ಹಲ್ಲ ಯಾವಾಗ ಕೊಡಸ್ತಾರಂತ?"

ಆ ದಿನ ಚಹಾ ಬಹಳ ಬಿಸಿಯಿತ್ತು. ಕುಡಿಯದೆ ಎದ್ದು ಬಂದೆ. ಹೋಗಲಿ, ಆ ವಿಷಯ ಯಾಕೆ ಬಂತೋ ಗೊತ್ತಿಲ್ಲ.

ಪಂಚಾಯ್ತಿಗೆ ಹೋದೆ. ಹಲಗೆ ಬಾರಿಸುವವರನ್ನು ಕರೆದುಕೊಂಡೇ ಹೋದೆ. ತಾಯವ್ವನವರು ಜಗಳಾಡುತ್ತಾರೆ, ಅಳುತ್ತಾರೆ, ಮೇಲಿನ ಕೋರ್ಟಿಗೆ ಹೋಗುತ್ತೇನೆನ್ನುತ್ತಾರೆ, ಆಗ ಆಡಬೇಕೆಂದು ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡಿದ್ದೆ. ಈಕೆ ಸುಮ್ಮನೆ ಕಪಾಟು ತೆರೆದು, ಸೆರಗಿನಿಂದ ಬ್ಲೀಚಿಂಗ್ ಪುಡಿ ಒರೆಸಿ, ಬಂದೂಕನ್ನು ನನ್ನ ಕೈಗೆ ಕೊಟ್ಟರು.

"ಒಯ್ರಿ ಕಾಕಾ. ದಿಲ್ಲಿ ದೊಡ್ಡದು, ನಾವು ಸಣ್ಣವ್ರು. ಆದ್ರ ಇವತ್ತಿನಿಂದ ನಿಮ್ಮ ಮನೀಗೆ ನಾವು ಬರೂದಿಲ್ಲ."

"ನಾವು ಅಂದ್ರ ಯಾರವಾ?"

"ಊರ ಹೆಂಗಸರು. ಬಂದೂಕ ಇದ್ದ ಮನ್ಯಾಗ ಆರತಿ ಹಿಡಿಯೂದಿಲ್ಲ, ಸೋಬಾನ ಹಾಡೂದಿಲ್ಲ, ಅರಿಷಿಣ ಕುಟ್ಟೂದಿಲ್ಲ."

"ಇದು ಕಾಯ್ದೆ ವಿರುದ್ಧ ಆಕ್ಕೈತಿ ನೋಡ ತಾಯವ್ವ" ಎಂದೆ, ಕೈಯಲ್ಲಿದ್ದ ಉತ್ತರವನ್ನು ಎತ್ತಿ ತೋರಿಸಿ.

"ಬಂದೂಕ ಇಟ್ಕೋರಿ ಅಂತ ದಿಲ್ಲಿಯಾಗ ಬರದಾರ್ರಿ. ಹೆಂಗಸರು ಬಂದ ಅರಿಷಿಣ ಕುಟ್ಟಬೇಕಂತ ಎಲ್ಲಿ ಬರದಾರ? ತೋರಸ್ರಿ, ಬರ್ತೀವಿ."

ಅತಿಥಿಗಳೇ, ನಿಮ್ಮ ಕಡೆ ಹೇಗೋ ಕಾಣೆ. ನಮ್ಮಲ್ಲಿ ಮದುವೆ ಆರಂಭವಾಗುವುದು ಲಗ್ನಪತ್ರಿಕೆಯಿಂದಲ್ಲ. ನೆರೆಮನೆಗಳ ಮುತ್ತೈದೆಯರು ಬಂದು, ಒರಳಿಗೆ ಪೂಜೆ ಮಾಡಿ, ಹಾಡುತ್ತ ಅರಿಷಿಣ ಕುಟ್ಟಬೇಕು. ಆ ಅರಿಷಿಣವನ್ನೇ ಮದುಮಗಳಿಗೆ ಹಚ್ಚಬೇಕು. ಅಂಗಡಿಯ ಪುಡಿ ನಡೆಯುವುದಿಲ್ಲ, ಕೂಲಿ ಕೊಟ್ಟು ಕುಟ್ಟಿಸಿದ್ದು ನಡೆಯುವುದಿಲ್ಲ. ಜೈನರ ಮನೆಯಾದರೂ ಅಷ್ಟೇ, ಬೇರೆಯವರ ಮನೆಯಾದರೂ ಅಷ್ಟೇ. ನಾನು ಮತ್ತೆ ಗೋಕಾಕಕ್ಕೆ ಹೋದೆ. ಸನ್ಮತಿ ಒಂದು ದಪ್ಪ ಪುಸ್ತಕ ತೆಗೆದ, ಆಮೇಲೆ ಅದಕ್ಕಿಂತ ದಪ್ಪ ಪುಸ್ತಕ ತೆಗೆದ, ಕೊನೆಗೆ ಕನ್ನಡಕ ತೆಗೆದ. "ಇಲ್ಲ ಮಾಮಾ" ಎಂದ. ಎಷ್ಟು ದೊಡ್ಡ ದೇಶ! ಎಷ್ಟು ಕಾಯ್ದೆ! ಒಂದು ಹಿಡಿ ಅರಿಷಿಣದ ಬಗ್ಗೆ ಯಾವ ಮಹಾನುಭಾವನೂ ಬರೆದಿಟ್ಟಿಲ್ಲ.

ಮೊದಲು ಸಿಕ್ಕಿಬಿದ್ದವನು ಸತ್ಯಪ್ಪ. ದಿಲ್ಲಿಯ ಕೃಪೆಯಿಂದ ಅವನ ಬಂದೂಕೂ ಮನೆಗೆ ಬಂದಿತ್ತು. ಮೊಮ್ಮಗ ಹುಟ್ಟಿದ, ತೊಟ್ಟಿಲಿಗೆ ಹಾಕುವ ಶಾಸ್ತ್ರ ಬಂತು. ಊರಿಗೆಲ್ಲ ಹೇಳಿಕಳಿಸಿದ. ಒಬ್ಬ ಹೆಣ್ಣುಮಗಳೂ ಬರಲಿಲ್ಲ. ಅವನ ಹೆಂಡತಿ ಸಾವಂತ್ರೆವ್ವ, "ಕೂಸಿನ ಬದ್ಲಿ ಬಂದೂಕ ಹಾಕಿ ತೂಗ್ರಿ" ಎಂದು ತಾನೂ ಹಿತ್ತಲಿಗೆ ಹೋಗಿ ಕುಳಿತಳು. ಜೋಗುಳ ಹಾಡುವವರು ಯಾರು? ಸತ್ಯಪ್ಪನೇ ಹಾಡಿದ. ಪಾಪ, ಅವನಿಗೆ ಬರುತ್ತಿದ್ದದ್ದು ಒಂದೇ ಹಾಡು, ಕಣದಲ್ಲಿ ಎತ್ತು ತಿರುಗಿಸುವಾಗ ಹಾಡುವ ಹಂತಿಯ ಪದ. ಆ ಕೂಸು ಕಿರುಚಿದ್ದು ನಮ್ಮ ಮನೆಗೆ ಕೇಳಿಸಿತು. ಮರುದಿನ ಬೆಳಗಾಗುವುದರೊಳಗೆ ಸತ್ಯಪ್ಪ ಬಂದೂಕು ಹೊತ್ತು ಠಾಣೆಗೆ ಹೋದ, ಲೈಸೆನ್ಸೂ ಬೇಡ ಬಂದೂಕೂ ಬೇಡ ಎಂದು ಬರೆದುಕೊಟ್ಟು ಬಂದ. ನಾನು ಅಗಸೆಯ ಕಟ್ಟೆಯ ಮೇಲೆ ಕುಳಿತು ಅವನು ತೊಟ್ಟಿಲು ತೂಗಿದ್ದನ್ನು ಎಷ್ಟು ಸಲ ನಟಿಸಿ ತೋರಿಸಿದ್ದೇನೆ, ಈ ಗಂಡಸರನ್ನೇ ಕೇಳಿ. ಸತ್ಯಪ್ಪ, ಅಲ್ಲಿ ಕಂಬದ ಮರೆಗೆ ಕುಳಿತು ನಗಬೇಡ. ಇಂದು ನಿನ್ನ ದಿನ, ಗೊತ್ತು.

ನಾನು ಮಾತ್ರ ಬಿಡಲಿಲ್ಲ. ಗೆದ್ದವನು ಯಾಕೆ ಬಿಡಬೇಕು? ಆದರೆ ಒಂದು ತಮಾಷೆ ಕೇಳಿ. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ತರಬೇಕು. ಇದು ದಿಲ್ಲಿಯವರದೇ ಪದ್ಧತಿ. ನಾನು ಬಂದೂಕು ಮನೆಗೆ ತಂದು ಗೂಟಕ್ಕೆ ತೂಗುಹಾಕಿದೆ, ತೊಂಬತ್ತಾರರ ಚುನಾವಣೆ ಬಂತು. ಒಪ್ಪಿಸಿದೆ, ತಂದೆ, ಎಣ್ಣೆ ಹಚ್ಚಿದೆ. ದಿಲ್ಲಿಯಲ್ಲಿ ಸರ್ಕಾರ ಬಿತ್ತು, ತೊಂಬತ್ತೆಂಟರ ಚುನಾವಣೆ ಬಂತು. ಒಪ್ಪಿಸಿದೆ, ತಂದೆ. ಎಣ್ಣೆ ಆರುವ ಮೊದಲೇ ಮತ್ತೆ ಬಿತ್ತು, ತೊಂಬತ್ತೊಂಬತ್ತರ ಚುನಾವಣೆ! ಯಾವ ದಿಲ್ಲಿ ನನಗೆ ಬಂದೂಕು ಕೊಡಿಸಿತೋ ಆ ದಿಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕುಳಿತುಕೊಳ್ಳದೆ, ನಾನು ಬಂದೂಕು ಹೊತ್ತು ಠಾಣೆಗೂ ಮನೆಗೂ ತಿರುಗಿದೆ. ತಾಯವ್ವನವರ ಠರಾವು ಊರಲ್ಲಿ ಬಂದೂಕು ಬೇಡ ಎಂದಿತು, ಅದು ತಪ್ಪಾಯಿತು. ದಿಲ್ಲಿ ಅದನ್ನೇ ಎರಡು ವರ್ಷಕ್ಕೊಮ್ಮೆ ಹೇಳಿತು, ಅದು ಪ್ರಜಾಪ್ರಭುತ್ವವಾಯಿತು.

ಈಗ ನನ್ನ ಮಗಳು ಮಯೂರಿಯ ವಿಷಯ. ಆಕೆಯನ್ನು ಮೂಡಲಗಿಗೆ ಕೊಡುತ್ತಿದ್ದೇವೆ. ಒಳ್ಳೆಯ ಮನೆ, ಒಳ್ಳೆಯ ಹುಡುಗ. ಹೋದ ಸಂಕ್ರಾಂತಿಯ ಹೊತ್ತಿಗೆ ಸಾಕರಪುಡಾ ಇಟ್ಟುಕೊಂಡೆವು. ಅದೇ, ಹುಡುಗಿಗೆ ಸಕ್ಕರೆ ಕೊಟ್ಟು ಮಾತು ಗಟ್ಟಿ ಮಾಡುವ ಶಾಸ್ತ್ರ. ಬಂದೂಕು ಆಗ ಮನೆಯಲ್ಲಿತ್ತು. ಬೀಗರು ಜೀಪು ತುಂಬ ಹೆಂಗಸರನ್ನು ಕರೆತಂದರು. ನಮ್ಮ ಕಡೆ ಮನೆಯವಳೊಬ್ಬಳು, ಮದುಮಗಳೊಬ್ಬಳು. ಪಡಸಾಲೆ ಬಣಬಣ ಎನ್ನುತ್ತಿತ್ತು. ಬೀಗಿತ್ತಿ ಅತ್ತ ಇತ್ತ ನೋಡಿ ಕೇಳಿದರು: "ಏನ್ರಿ ಬೀಗರ, ನಿಮ್ಮೂರಾಗ ಹೆಂಗಸರ ಇಲ್ಲೇನ್ರಿ?"

"ಅದಾರ್ರಿ, ಎಲ್ಲಾರೂ ಹೊಲಕ್ಕ ಹೋಗ್ಯಾರ."

"ಸ್ವಾಮವಾರ ದಿನಾ? ಎತ್ತಿಗೆ ನೊಗಾ ಹಾಕದ ದಿನಾ?"

ನಾನು ಮೂರು ಊರಿಗೆ ಮಾತುಗಾರ. ಅಂಥವನು ಸಕ್ಕರೆಯ ತಟ್ಟೆಯನ್ನು ಅವರ ಮುಂದೆ ಸರಿಸಿದೆ. ಆ ತಾಯಿ ಕೆಟ್ಟವರಲ್ಲ, ದನಿ ಏರಿಸಲೂ ಇಲ್ಲ. "ನೋಡ್ರಿ, ಮದಿವ್ಯಾಗೂ ಮನಿ ಹಿಂಗ ಇದ್ರ ನಮ್ಮ ಸೊಸಿಗೆ ಛಲೋ ಅನಸೂದಿಲ್ಲ. ನಾವು ಲಗ್ನಾ ಮೂಡಲಗ್ಯಾಗ ಮಾಡ್ಕೋತೀವಿ. ಅಲ್ಲಿ ಮಂದಿ ಅದಾರ" ಎಂದರು. ಅಂದರೆ ಏನು? ನನ್ನ ಮನೆಯ ಮುಂದೆ ಹಂದರವಿಲ್ಲ. ನನ್ನ ಮಗಳು ನನ್ನ ಹೊಸ್ತಿಲಿನಿಂದ ಮದುಮಗಳಾಗಿ ಇಳಿಯುವುದಿಲ್ಲ. ಎಲ್ಲರ ಮದುವೆಗೆ ಈಡು ಹಾರಿಸಿದವನು ತನ್ನ ಮಗಳ ಮದುವೆಗೆ ಬೇರೆ ಊರಿಗೆ ಅತಿಥಿಯಾಗಿ ಹೋಗಿ ಮೂಲೆಯ ಎಲೆಗೆ ಕುಳಿತುಕೊಳ್ಳಬೇಕು.

ಬೀಗರು ಹೋದ ಮೇಲೆ ಮಯೂರಿ ಬಂದು ಗೂಟದ ಕೆಳಗೆ ನಿಂತಳು. "ಅಪ್ಪಾ, ನನಗ ಅರಿಷಿಣ ಬಂದೂಕ ಹಚ್ಚತೈತೇನು?" ಎಂದಳು.

ನಾನು ಏನು ಮಾಡಿದೆ ಗೊತ್ತೇ? ಕಾಯ್ದೆ ಹೇಳಿದೆ. ಸ್ವಂತ ಮಗಳಿಗೆ ಐವತ್ತೊಂಬತ್ತನೆಯ ಇಸವಿಯ ಕಾಯ್ದೆ ಹೇಳಿದೆ, ಸಭಿಕರೇ. ಪೂರ್ತಿ ಕೇಳಿಸಿಕೊಂಡಳು. ಬುದ್ಧಿವಂತೆ, ನಡುವೆ ಬಾಯಿ ಹಾಕಲಿಲ್ಲ. ಒಳಗೆ ಹೋದಳು. ಅಂದಿನಿಂದ ನನ್ನ ಎದುರು ತಾಟು ಇಡುತ್ತಾಳೆ, ನೀರು ಇಡುತ್ತಾಳೆ, ಮಾತು ಇಡುವುದಿಲ್ಲ.

ಬೀಗರನ್ನು ಕಾಡಿ ಬೇಡಿ ಲಗ್ನವನ್ನು ನಮ್ಮ ಮನೆಯ ಮುಂದೆಯೇ ಇಟ್ಟುಕೊಂಡೆ. ಹಂದರ ಬಿದ್ದಿದೆ, ನೀವೆಲ್ಲ ನೋಡಿದ್ದೀರಿ. ಇಂದು ಸಂಜೆ ಅರಿಷಿಣ ಕುಟ್ಟುವ ಮುಹೂರ್ತ, ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಬೀಗಿತ್ತಿ ನಾಳೆ ಬೆಳಿಗ್ಗೆ ತಮ್ಮ ತಂಗಿಯನ್ನು ಕಳಿಸುತ್ತಾರೆ, ಅರಿಷಿಣ ಒಯ್ಯುವ ನೆಪದಲ್ಲಿ. ನೆಪ ಯಾಕೆಂದು ನನಗೂ ಗೊತ್ತು, ನಿಮಗೂ ಗೊತ್ತು. ಒರಳು ತೊಳೆದಿಟ್ಟಿದೆ, ಒನಕೆಗೆ ಕುಂಕುಮ ಹಚ್ಚಿದೆ. "ನೀನರೆ ಕುಟ್ಟು" ಎಂದು ಮನೆಯವಳಿಗೆ ಬೆಳಿಗ್ಗೆ ಹೇಳಿದೆ. "ನಾನೂ ಊರ ಹೆಂಗಸರೊಳಗಿನಾಕಿನ. ಎಲ್ಲಾರೂ ಬಂದ್ರ ಬರ್ತೀನಿ" ಎಂದವಳು ಇಲ್ಲಿ ಬಂದು ಕುಳಿತಿದ್ದಾಳೆ. ಅಗೋ, ಲಕ್ಕವ್ವನ ಬಾಜೂ. ಆಕೆಯೂ ಕ್ಯಾಲೆಂಡರನ್ನೇ ನೋಡುತ್ತಿದ್ದಾಳೆ. ಅದು ಹೋದ ವರ್ಷದ್ದು.

ಹೌದು, ವಂದನಾರ್ಪಣೆಯನ್ನು ಯಾರೂ ನನಗೆ ಕೊಡಲಿಲ್ಲ. ನಾನೇ ಮಾಸ್ತರರ ಮನೆಗೆ ಹೋಗಿ ಬೇಡಿ ತೆಗೆದುಕೊಂಡೆ. ಊರ ಹೆಂಗಸರೆಲ್ಲ ಒಂದೇ ಕಡೆ ಕುಳಿತು ನನ್ನ ಮಾತು ಕೇಳಲೇಬೇಕಾದ ಜಾಗ ಇನ್ನೆಲ್ಲಿ ಸಿಗುತ್ತಿತ್ತು?

ಕೇಳಿ. ಬಂದೂಕು ಈಗ ಠಾಣೆಯಲ್ಲಿದೆ. ಪಂಚಾಯ್ತಿ ಚುನಾವಣೆ ಮುಗಿಯಿತು, "ಕಾಕಾ, ಬಂದ ಒಯ್ರಿ, ಇಲ್ಲಿ ಜಾಗಾ ಇಲ್ಲ" ಎಂದು ಹವಾಲ್ದಾರರು ಹೇಳಿಕಳಿಸುತ್ತಲೇ ಇದ್ದಾರೆ. ನಾನು ಹೋಗಿಲ್ಲ. ಈಗ ನಾನೊಂದು ಉದಾರವಾದ ಮಾತು ಹೇಳುತ್ತೇನೆ. ಮದುವೆ ಮುಗಿಯುವವರೆಗೆ ಬಂದೂಕು ಠಾಣೆಯಲ್ಲೇ ಇರಲಿ.

ಗಂಡಸರು ಚಪ್ಪಾಳೆ ತಟ್ಟಿದರು. ನಿಮ್ಮ ಚಪ್ಪಾಳೆ ನನಗೆ ಬೇಡ, ನಿಮಗೆ ಅರಿಷಿಣ ಕುಟ್ಟಲು ಬರುವುದಿಲ್ಲ. ಎಡಗಡೆ ಒಂದು ಬಳೆಯ ಸದ್ದೂ ಇಲ್ಲ. ಸರಿ, ಮಯೂರಿಯ ಮೊದಲ ಬಾಣಂತನ ಮುಗಿಯುವವರೆಗೆ? ಯಮನವ್ವ ಎಲೆಗೆ ಸುಣ್ಣ ಹಚ್ಚಲು ತೊಡಗಿದಳು. ಬಂದೂಕು ನಮ್ಮ ಮನೆಯಲ್ಲಿ, ಕೇಪು ಮತ್ತು ಮದ್ದು ತಾಯವ್ವನವರ ಮನೆಯಲ್ಲಿ? ತಾಯವ್ವನವರು ನಗುತ್ತಿದ್ದಾರೆ. ಈ ನಗೆ ನನಗೆ ಗೊತ್ತು, ಇದು ಹೂಂ ಎನ್ನುವ ನಗೆಯಲ್ಲ. ನಮ್ಮ ಅಪ್ಪನ ಬಂದೂಕವ್ವಾ ಅದು! ಏನನ್ನೂ ಕೊಲ್ಲದ ಬಂದೂಕು! ಅದಕ್ಕೂ ಸತ್ಯಪ್ಪನ ಬಂದೂಕಿಗೂ ವ್ಯತ್ಯಾಸವಿಲ್ಲವೇ?

ಇಲ್ಲ. ಗಜ ಒಳಗೆ ಉಳಿದರೆ ವ್ಯತ್ಯಾಸವಿಲ್ಲ.

ನೀರು ಕೊಡಿ ಮಾಸ್ತರರೇ. ಹಾಂ.

ಹಾಗಾದರೆ ಎಲ್ಲರೂ ಚೆನ್ನಾಗಿ ಕೇಳಿಸಿಕೊಳ್ಳಿ, ಆಮೇಲೆ ಯಾರೂ ತಿರುಚಿ ಹೇಳಬಾರದು. ಪಂಚಾಯ್ತಿಯ ಠರಾವು ಬಿದ್ದುಹೋದದ್ದು ಬಿದ್ದುಹೋದದ್ದೇ. ಗೆದ್ದವನು ನಾನೇ. ನನ್ನ ಬಂದೂಕನ್ನು ನನ್ನಿಂದ ಕಸಿಯುವ ಅಧಿಕಾರ ಈ ಊರಿಗಿಲ್ಲ, ದಿಲ್ಲಿಯೇ ಹೇಳಿದೆ. ಆದರೆ ಇಟ್ಟುಕೊಳ್ಳಲೇಬೇಕೆಂದು ದಿಲ್ಲಿಯೂ ಹೇಳಿಲ್ಲ, ಸನ್ಮತಿಯನ್ನು ಕೇಳಿದ್ದೇನೆ. ಆದ್ದರಿಂದ ಗೆದ್ದವನಾದ ನಾನು, ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಖುಷಿಯಿಂದ, ಬಂದೂಕನ್ನು ಮನೆಗೆ ತರುವುದಿಲ್ಲ. ಎಂದೂ ತರುವುದಿಲ್ಲ. ಇಗೋ ಲೈಸೆನ್ಸು, ಮಾಸ್ತರರ ಕೈಗೆ ಕೊಟ್ಟೆ. ನಾಳೆ ಅವರೇ ನನ್ನ ಜೊತೆ ಠಾಣೆಗೆ ಬಂದು ಒಪ್ಪಿಸಲಿ. ನನ್ನ ಮಾತಿನ ಮೇಲೆ ಈ ಊರಿಗೆ ಎಷ್ಟು ನಂಬಿಕೆಯಿದೆ ಎಂಬುದು ನನಗೆ ಗೊತ್ತಿದೆ.

ಇಷ್ಟು ಹೇಳಿ, ಈಗ ಪದ್ಧತಿಯಂತೆ ವಂದನಾರ್ಪಣೆ. ಮೊಟ್ಟಮೊದಲು ಸಭಾಧ್ಯಕ್ಷರಾದ... ಅಲ್ಲಾ, ಎಲ್ಲಿಗೆ ಎದ್ದಿರಿ? ಲಕ್ಕವ್ವ, ಯಮನವ್ವ, ಕೂತ್ಕೋರಿ, ಇನ್ನೂ ಮುಗಿದಿಲ್ಲ! ಚಪ್ಪಲಿ ಆಮೇಲೆ ಹುಡುಕಿರಂತೆ! ತಾಯವ್ವನವರೇ, ಸತ್ಕಾರಮೂರ್ತಿಗಳು ಹೀಗೆ ವೇದಿಕೆಯಿಂದ ಜಿಗಿಯಬಾರದು, ಆ ಶಾಲು, ಆ ಹಾರ... ಹೋದರು. ನಮ್ಮ ಮನೆಯವಳು ಎಲ್ಲರಿಗಿಂತ ಮುಂದೆ ಹೋದಳು. ಎಡಗಡೆ ಪೂರ್ತಿ ಖಾಲಿ. ನನ್ನ ಭಾಷಣ ಕೇಳದೆ ಎದ್ದುಹೋದ ಸಭೆಯನ್ನು ನಾನು ಈ ಜನ್ಮದಲ್ಲಿ ಮೊದಲ ಸಲ ನೋಡಿದೆ, ಅದೂ ನನ್ನ ಮನೆಯ ದಿಕ್ಕಿಗೆ.

ಆದ್ದರಿಂದ ಬೇಗ ಮುಗಿಸುತ್ತೇನೆ. ಮಾಸ್ತರರಿಗೆ ವಂದನೆ. ಅತಿಥಿಗಳಿಗೆ ವಂದನೆ, ಹೋಗುವಾಗ ಟ್ರ್ಯಾಕ್ಟರಿನ ಹಿಂದೆ ಕೂಡಬೇಡಿ, ಮುಂದೆ ಕೂಡಿ. ಮೈಕಿನವರಿಗೆ, ಹೂವಿನವರಿಗೆ, ಕಂಬದ ಮರೆಯ ಸತ್ಯಪ್ಪನಿಗೆ ವಂದನೆ. ಇಷ್ಟು ದೂರ ಕೈ ಚಾಚಿದ ದಿಲ್ಲಿಗೂ ವಂದನೆ, ಅವರು ಮದುವೆಗೆ ಬರದಿದ್ದರೂ ನಡೆಯುತ್ತದೆ. ಗಂಡಸರೇ, ನೀವು ಕುಳಿತು ಚುರಮುರಿ ತಿನ್ನಿ, ಅಲ್ಲಿ ನಮಗೆ ಕೆಲಸವಿಲ್ಲ. ನನಗೂ ಇಲ್ಲ. ಆದರೂ ನಾನು ಹೊರಟೆ. ಒಳಗೆ ಬಿಡದಿದ್ದರೆ ಹಂದರದ ಹೊರಗೆ ನಿಲ್ಲುತ್ತೇನೆ. ಒನಕೆಯ ಮೊದಲ ಪೆಟ್ಟು ಬಿದ್ದದ್ದನ್ನು ಈ ಕಿವಿಯಿಂದ ಕೇಳಬೇಕು.

ಎಲ್ಲರಿಗೂ ನಮಸ್ಕಾರ.